ಪೋಸ್ಟರಿನ ಸಿಪಾಯಿ ಯಾಕೆ ಯಾವಾಗಲೂ ನಗುತ್ತಿರುತ್ತಾನೆ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು. ಆರು ವರ್ಷದಿಂದ ಫ್ರಾನ್ಸಿನ ತುಲೂಸ್‌ನಲ್ಲಿದ್ದೇನೆ. ಇಲ್ಲಿ ಭಾನುವಾರ ಹಳೇ ಸಾಮಾನಿನ ಸಂತೆ ನಡೆಯುತ್ತದೆ. ಹೋದ ವಾರ ಅಲ್ಲಿ ಒಂದು ಹಳದಿ ತಗಡಿನ ಡಬ್ಬಿ ಕೊಂಡೆ. ಮೇಲೆ ಕಪ್ಪು ಮನುಷ್ಯನ ಮುಖ, ಕೆಂಪು ಟೋಪಿ, ಬಾಯಿ ತುಂಬಾ ನಗು. ಬನಾನಿಯಾ ಅಂತ ಹೆಸರು. ನಮ್ಮ ಬೋರ್ನ್‌ವಿಟಾ ತರಹ ಹಾಲಿಗೆ ಹಾಕಿಕೊಂಡು ಕುಡಿಯುವ ಪುಡಿ, ಕೋಕೋ ಮತ್ತು ಬಾಳೆಹಣ್ಣಿನ ಹಿಟ್ಟಿನದು. ಮುದ್ದಾಗಿದೆ ಅಂತ ತಂದೆ.

ಮನೆಗೆ ಬಂದ ಸೆನೆಗಲ್ ಮೂಲದ ಸಹೋದ್ಯೋಗಿ ಅದನ್ನು ನೋಡಿ ಒಂದು ಕ್ಷಣ ಸುಮ್ಮನಾದರು. ಆಮೇಲೆ ಮಾತು ಬೇರೆ ಕಡೆ ತಿರುಗಿಸಿದರು. ನನಗೆ ಕಸಿವಿಸಿ ಆಯ್ತು. ಕೂತು ಓದಿದೆ.

ಆ ಮುಖ 1915ರದ್ದು. ಬನಾನಿಯಾ ಮಾರುಕಟ್ಟೆಗೆ ಬಂದಿದ್ದು 1914ರಲ್ಲಿ, ಆಗಲೇ ಮೊದಲ ಮಹಾಯುದ್ಧ ಶುರು. ಮರುವರ್ಷ ಡಿ ಆಂಡ್ರೆಯಿಸ್ ಅನ್ನುವ ಕಲಾವಿದ ಪೋಸ್ಟರ್ ಬರೆದ. ಫ್ರೆಂಚ್ ಸೈನ್ಯದ ಆಫ್ರಿಕನ್ ಸಿಪಾಯಿ ನೆಲದ ಮೇಲೆ ಕೂತು, ಬಂದೂಕು ಪಕ್ಕಕ್ಕಿಟ್ಟು, ಚಮಚದಲ್ಲಿ ತಿನ್ನುತ್ತಾ ನಗುತ್ತಿದ್ದಾನೆ. ಕೆಳಗೆ 'ಯಾ ಬೋಂ' ಅಂತ ಬರಹ. ಅದು ತಪ್ಪು ಫ್ರೆಂಚ್. ನಮ್ಮ ಕಡೆ ಹೊರಗಿನವರು 'ತುಂಬ ಚೆನ್ನಾಗಿ ಇರೋದು' ಅಂದ ಹಾಗೆ.

ಇದು ಜಾಹೀರಾತೋ ಯುದ್ಧ ಪ್ರಚಾರವೋ? ಈ ಡಬ್ಬಿ ಇಟ್ಟುಕೊಳ್ಳಲೋ ಬಿಡಲೋ? ತಿಳಿದವರು ಹೇಳಿ.

ರಾಗಿಮುದ್ದೆ

ಡಬ್ಬಿ ಎಷ್ಟು ಕೆಜಿ ಹಿಡಿಯುತ್ತೆ ಹೇಳಿ ಮೊದಲು.

ಇತಿಹಾಸದ ಮೇಷ್ಟ್ರು

ತುಂಗಾತೀರ ಮೇಡಂ, ಒಳ್ಳೆಯ ಪ್ರಶ್ನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೈಕೋಬೇಡಿ.

ಈ ಸಿಪಾಯಿಗಳಿಗೆ 'ಸೆನೆಗಲ್ ತಿರಾಯರ್' ಅಂತ ಹೆಸರು. ಎಲ್ಲರೂ ಸೆನೆಗಲ್‌ನವರಲ್ಲ. ಈಗಿನ ಮಾಲಿ, ಬುರ್ಕಿನಾ ಫಾಸೊ, ಗಿನಿ, ಐವರಿ ಕೋಸ್ಟ್ ಎಲ್ಲ ಕಡೆಯವರು. ಮಾಂಜಾಂ ಅನ್ನುವ ಸೇನಾಧಿಕಾರಿ 1910ರಲ್ಲೇ ವಾದ ಮಾಡಿದ್ದ: ಫ್ರಾನ್ಸಿನಲ್ಲಿ ಮಕ್ಕಳು ಹುಟ್ಟುವುದು ಕಡಿಮೆಯಾಗಿದೆ, ಜರ್ಮನಿಯ ಎದುರು ನಿಲ್ಲಲು ಆಫ್ರಿಕಾದಿಂದ ಆಳು ತರಬೇಕು ಅಂತ. ಇವರು ಹುಟ್ಟಾ ಯೋಧರು, ನೋವು ಕಡಿಮೆ, ಹೆದರಿಕೆ ಕಡಿಮೆ ಅಂತೆಲ್ಲ ಬರೆದ. ಯುದ್ಧದಲ್ಲಿ ಪಶ್ಚಿಮ ಆಫ್ರಿಕಾದಿಂದ ಸುಮಾರು 1.7 ಲಕ್ಷ ಜನರನ್ನು ಸೇರಿಸಿಕೊಂಡರು. ಸತ್ತವರು ಸುಮಾರು 30 ಸಾವಿರ.

ಗಮನಿಸಬೇಕಾದ ವಿಷಯ ಇಲ್ಲಿದೆ. ಯುದ್ಧದ ಮೊದಲು ಫ್ರೆಂಚ್ ಜನರಿಗೆ ಆಫ್ರಿಕನ್ ಅಂದರೆ ಕಾಡುಮನುಷ್ಯ, ಕ್ರೂರಿ ಅಂತ ಹೇಳಿಕೊಡಲಾಗಿತ್ತು. ಅದನ್ನು ಹೇಳಿಯೇ ವಸಾಹತು ಮಾಡಿದ್ದು. ಈಗ ಅದೇ ಮನುಷ್ಯನನ್ನು ಬಂದೂಕು ಕೊಟ್ಟು ಫ್ರಾನ್ಸಿನ ಹಳ್ಳಿಗೆ ಕರೆತಂದರು. ಜನ ಹೆದರದೆ ಇರ್ತಾರಾ? ಅದಕ್ಕೇ ಪ್ರಚಾರ ಎರಡು ಮುಖ ಬರೆಯಿತು. ಶತ್ರುವಿನ ಎದುರು ಹುಲಿ. ನಮ್ಮ ಎದುರು ದೊಡ್ಡ ಮಗು. ಬನಾನಿಯಾ ಎರಡನೆಯದು. ಕಂಪನಿ ಮಾಡಿದ ಜಾಹೀರಾತು ನಿಜ, ಆದರೆ ಸರ್ಕಾರಕ್ಕೆ ಬೇಕಾದ ಕೆಲಸವನ್ನೇ ಮಾಡಿತು.

ಆ 'ತಪ್ಪು ಫ್ರೆಂಚ್' ಬಗ್ಗೆ ಒಂದು ಮಾತು. ಅದನ್ನು ಸಿಪಾಯಿಗಳಿಗೆ ಕಲಿಸಿದ್ದು ಸೈನ್ಯವೇ. ಕ್ರಿಯಾಪದಕ್ಕೆ ಪ್ರತ್ಯಯ ಬೇಡ, ಲಿಂಗ ಬೇಡ, ಮುರಿದ ಭಾಷೆ ಸಾಕು, ಆಜ್ಞೆ ಅರ್ಥ ಆದರಾಯ್ತು ಅಂತ. 1916ರಲ್ಲಿ ಇದಕ್ಕೆ ಕೈಪಿಡಿಯನ್ನೇ ಅಚ್ಚು ಹಾಕಿಸಿದರು. ಮುರುಕು ಭಾಷೆ ಕಲಿಸಿದವರೂ ಅವರೇ, ಅದನ್ನು ಗೋಡೆಗೆ ಅಂಟಿಸಿ ನಕ್ಕವರೂ ಅವರೇ.

ಬಿಸಿಲೂರು

ಮೇಷ್ಟ್ರೇ, ಗೌರವ ಇಟ್ಟುಕೊಂಡೇ ಹೇಳ್ತೀನಿ, ಇದು ಈಗಿನ ಕಣ್ಣಿನಿಂದ ಆಗಿನದ್ದನ್ನು ನೋಡೋದು. ಯುದ್ಧದ ಪೋಸ್ಟರ್ ಯಾವತ್ತೂ ಸುಳ್ಳೇ. ಬಿಳಿ ಸೈನಿಕನೂ ಪೋಸ್ಟರಿನಲ್ಲಿ ನಗ್ತಾನೆ. ಯಾರೂ ಕೆಸರಲ್ಲಿ ಕಾಲು ಕೊಳೆಸಿಕೊಂಡು ಕೂತ ಚಿತ್ರ ಬರೆಯಲಿಲ್ಲ. ಇದರಲ್ಲಿ ಬಣ್ಣ ಯಾಕೆ ತರಬೇಕು?

ಇನ್ನೊಂದು. ಆ ಯುದ್ಧಕ್ಕೆ ಭಾರತದಿಂದ ನಮ್ಮವರೂ ಹೋಗಿದ್ದು ಸಂಬಳಕ್ಕೆ. ತಿಂಗಳಿಗೆ 11 ರೂಪಾಯಿ. ಆ ಕಾಲಕ್ಕೆ ಅದು ಸಣ್ಣ ದುಡ್ಡಲ್ಲ.

ಹಳೇ ಅಚ್ಚುಕೂಟ

ನಾನು ನಲವತ್ತು ವರ್ಷ ಪ್ರಿಂಟಿಂಗ್‌ನಲ್ಲಿ ಕೆಲಸ ಮಾಡಿದವನು. ಚಿತ್ರದ ಕಡೆಯಿಂದ ಹೇಳುತ್ತೇನೆ.

ಆಗ ಕಲ್ಲಚ್ಚು. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು ಅಥವಾ ತಗಡು. ಬಣ್ಣ ಹೆಚ್ಚಾದರೆ ಖರ್ಚು ಹೆಚ್ಚು. ರಸ್ತೆಯ ಆಚೆಯಿಂದ ಕಾಣಬೇಕು. ಹಾಗಾಗಿ ಹಳದಿ ನೆಲ, ಕಪ್ಪು ಮುಖ, ಕೆಂಪು ಟೋಪಿ, ಬಿಳಿ ಹಲ್ಲು. ಕಣ್ಣಿಗೆ ಹೊಡೆಯುತ್ತೆ. ಬಿಸಿಲೂರು ಅವರೇ, ಇಷ್ಟರವರೆಗೆ ನಿಮ್ಮ ಮಾತು ಸರಿ, ಇದು ಕಸುಬಿನ ಲೆಕ್ಕ.

ಆದರೆ 1917ರಲ್ಲಿ ಲೂಸಿಯಾಂ ಜೋನಾ ಬರೆದ ಇನ್ನೊಂದು ಪೋಸ್ಟರ್ ಇದೆ, ಹುಡುಕಿ ನೋಡಿ. 'ಆಫ್ರಿಕಾ ಸೈನ್ಯ ಮತ್ತು ವಸಾಹತು ಪಡೆಗಳ ದಿನ' ಅಂತ ಚಂದಾ ಎತ್ತಲು ಮಾಡಿದ್ದು. ಅದೂ ಕಲ್ಲಚ್ಚೇ. ಆದರೆ ಅಲ್ಲಿ ಆಫ್ರಿಕನ್ ಸಿಪಾಯಿ ನುಗ್ಗುತ್ತಿದ್ದಾನೆ. ಕೆನ್ನೆಯ ಮೂಳೆ ಕಾಣುತ್ತೆ, ಕತ್ತಿನ ನರ ಕಾಣುತ್ತೆ. ಜೋನಾ ಸೈನ್ಯದ ಜೊತೆಗಿದ್ದು ಸಿಪಾಯಿಗಳನ್ನು ನೋಡಿ ಬರೆದವನು. ಅಂದರೆ ಮುಖ ಬರೆಯಲು ಬರುತ್ತಿತ್ತು, ಯಂತ್ರಕ್ಕೂ ಸಾಧ್ಯವಿತ್ತು. ಬನಾನಿಯಾದವರಿಗೆ ಮುಖ ಬೇಕಿರಲಿಲ್ಲ, ಗುರುತು ಬೇಕಿತ್ತು.

ಇನ್ನೊಂದು ನೋಡಿ. 1915ರ ಚಿತ್ರದಲ್ಲಿ ಪೂರ್ತಿ ಮನುಷ್ಯ ಇದ್ದಾನೆ, ಕೈಕಾಲು, ಬಂದೂಕು ಎಲ್ಲ ಇದೆ. ವರ್ಷ ಕಳೆದ ಹಾಗೆ ಬಂದೂಕು ಹೋಯ್ತು. ಆಮೇಲೆ ಮೈ ಹೋಯ್ತು. ಮೇಡಂ, ನಿಮ್ಮ ಡಬ್ಬಿ ಮೇಲೆ ಉಳಿದಿರೋದು ಟೋಪಿ ಮತ್ತು ನಗು ಅಷ್ಟೇ.

ತುಂಗಾತೀರ

ಅಯ್ಯೋ, ಹೌದು. ಈಗ ತಿರುಗಿಸಿ ನೋಡಿದೆ. ಕುತ್ತಿಗೆ ಕೂಡ ಇಲ್ಲ.

ಇತಿಹಾಸದ ಮೇಷ್ಟ್ರು

ಬಿಸಿಲೂರು ಅವರ ಪ್ರಶ್ನೆ ಬಿಡಬಾರದು. ಬಿಳಿ ಸೈನಿಕನೂ ನಗ್ತಾನೆ, ನಿಜ. ಆದರೆ ಪೋಸ್ಟರ್ ಯಾರ ಜೊತೆ ಮಾತಾಡ್ತಿದೆ ಅಂತ ಕೇಳಿ ನೋಡಿ. ಬ್ರಿಟಿಷ್ ಯುದ್ಧ ಮಂತ್ರಿ ಕಿಚನರ್ ಬೆರಳು ತೋರಿಸುವ ಚಿತ್ರ ಎಲ್ಲರಿಗೂ ಗೊತ್ತು. ಅದು ಬ್ರಿಟಿಷ್ ಹುಡುಗನಿಗೆ 'ನೀನು ಬಾ' ಅನ್ನುತ್ತೆ. ಬನಾನಿಯಾ ಆಫ್ರಿಕನ್ ಹುಡುಗನಿಗೆ ಏನೂ ಹೇಳಲ್ಲ. ಅವನನ್ನು ತೋರಿಸಿ ಪ್ಯಾರಿಸ್ಸಿನ ಗೃಹಿಣಿಯ ಜೊತೆ ಮಾತಾಡುತ್ತೆ.

ಬ್ರಿಟನ್ನಿನಲ್ಲೂ ಹೀಗೇ. 1915ರಲ್ಲಿ ಆರ್ಥರ್ ವಾರ್ಡ್ಲ್ ಬರೆದ ಪೋಸ್ಟರಿನಲ್ಲಿ ಒಂದು ಮುದಿ ಸಿಂಹ, ಸುತ್ತ ಎಳೆ ಸಿಂಹಗಳು. ಆಸ್ಟ್ರೇಲಿಯಾ, ಕೆನಡಾ, ಇಂಡಿಯಾ, ನ್ಯೂಜಿಲೆಂಡ್ ಎಲ್ಲ ಕರೆಗೆ ಓಗೊಟ್ಟಿವೆ ಅಂತ ಬರಹ. ಓದಬೇಕಾದವನು ಯಾರು? ಇನ್ನೂ ಸೈನ್ಯ ಸೇರದ ಇಂಗ್ಲಿಷ್ ಯುವಕ. 'ಅಷ್ಟು ದೂರದವರೇ ಬಂದರು, ನಿನಗೇನು ರೋಗ?' ಅಂತ ನಾಚಿಸುವುದಕ್ಕೆ ನಾವು ಬೇಕಾಯಿತು.

ಇನ್ನು ಆಫ್ರಿಕಾದಲ್ಲಿ ನಿಜವಾಗಿ ಏನಾಗುತ್ತಿತ್ತು? ಬನಾನಿಯಾ ಪೋಸ್ಟರ್ ಬಂದ 1915ರ ಕೊನೆಗೇ ಈಗಿನ ಬುರ್ಕಿನಾ ಫಾಸೊ, ಮಾಲಿ ಕಡೆ ವೋಲ್ಟಾ ಮತ್ತು ಬಾನಿ ನದಿಗಳ ನಡುವಿನ ಹಳ್ಳಿಗಳು ಫ್ರೆಂಚರ ವಿರುದ್ಧ ದಂಗೆ ಎದ್ದವು. ದೊಡ್ಡ ಕಾರಣ, ಬಲವಂತದ ಸೇನಾ ಭರ್ತಿ. ಫಿರಂಗಿ ತಂದು ಹಳ್ಳಿಗಳನ್ನು ಸುಟ್ಟು ಅಡಗಿಸಬೇಕಾಯಿತು. ಪ್ಯಾರಿಸ್ಸಿನ ಗೋಡೆ ಮೇಲೆ ನಗು, ಊರಲ್ಲಿ ದಂಗೆ.

ಬಿಸಿಲೂರು

ದಂಗೆಯ ವಿಷಯ ಗೊತ್ತಿರಲಿಲ್ಲ. ಒಪ್ಪಿದೆ. ಆದರೆ ಭಾರತದಲ್ಲಿ ಅಂಟಿಸಿದ ಪೋಸ್ಟರ್ ಇರಲೇಬೇಕಲ್ಲ? ಅದು ನಮ್ಮವರ ಜೊತೆಗೇ ಮಾತಾಡಿರಬೇಕಲ್ಲ?

ಲಂಡನ್ ಚಳಿ

ಇದ್ದವು. ಇಲ್ಲಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಸಂಗ್ರಹದಲ್ಲಿವೆ. ನನಗೆ ಮರೆಯದೆ ಉಳಿದಿದ್ದು ಉರ್ದು ಬರಹದ ಒಂದು. ಸಮವಸ್ತ್ರ, ಬಂದೂಕು, ದುಡ್ಡು ಮುಂದಿಟ್ಟು, 'ಇದನ್ನು ಯಾರು ತಗೋತಾರೆ? ಸೈನ್ಯಕ್ಕೆ ಸೇರುವವನು' ಅನ್ನುವ ಅರ್ಥದ ಸಾಲು. ಅಲ್ಲಿ ಸಿಂಹವೂ ಇಲ್ಲ, ಸಾಮ್ರಾಜ್ಯದ ಮಾತೂ ಇಲ್ಲ. ಸಂತೆಯಲ್ಲಿ ಕೂಗಿದ ಹಾಗಿದೆ.

ಇನ್ನೊಂದರಲ್ಲಿ, ಈ ಸಿಪಾಯಿ ಹಿಂದೂಸ್ತಾನವನ್ನೂ ತನ್ನ ಮನೆಯನ್ನೂ ಕಾಯುತ್ತಿದ್ದಾನೆ ಅನ್ನುವ ಧಾಟಿಯ ಮಾತು. ಬೆಲ್ಜಿಯಂ ಕೆಸರಿನಲ್ಲಿ ನಿಂತವನು ಮನೆ ಹೇಗೆ ಕಾಯುತ್ತಿದ್ದ ಅಂತ ಕೇಳಬೇಡಿ.

ಅಂದ ಹಾಗೆ ನಾನು ಬ್ರೈಟನ್‌ಗೂ ಹೋಗಿದ್ದೆ. ರಾಜ ಐದನೇ ಜಾರ್ಜ್ ತನ್ನ ಅರಮನೆಯನ್ನೇ ಗಾಯಗೊಂಡ ಭಾರತೀಯ ಸಿಪಾಯಿಗಳಿಗೆ ಆಸ್ಪತ್ರೆಯಾಗಿ ಬಿಟ್ಟುಕೊಟ್ಟ ಜಾಗ. ಅದೊಂದು ವಿಷಯದಲ್ಲಿ ಅವರನ್ನು ಮೆಚ್ಚಬೇಕು.

ಇತಿಹಾಸದ ಮೇಷ್ಟ್ರು

ಸರ್, ತಪ್ಪು ತಿಳಿಯಬೇಡಿ. ನೀವು ಈಗ ಹೇಳಿದ್ದೇ 1914ರ ಪ್ರಚಾರ.

ಬ್ರೈಟನ್ನಿನ ಆ ಅರಮನೆ, ಪೆವಿಲಿಯನ್ ಅಂತ ಹೆಸರು, ಆಗ ರಾಜನದ್ದಾಗಿರಲಿಲ್ಲ. ವಿಕ್ಟೋರಿಯಾ ರಾಣಿ ಕಾಲದಲ್ಲೇ, 1850ರಲ್ಲಿ, ಅದನ್ನು ಬ್ರೈಟನ್ ಊರಿನ ಆಡಳಿತಕ್ಕೆ ಮಾರಿಯಾಗಿತ್ತು. ಆದರೂ ರಾಜ ತನ್ನ ಅರಮನೆ ಕೊಟ್ಟ ಅಂತ ಸುದ್ದಿ ಹಬ್ಬಿಸಿದರು. ಗುಮ್ಮಟದ ಕೆಳಗೆ ಸಾಲು ಮಂಚ, ಬಿಳಿ ಹಾಸಿಗೆ, ರುಮಾಲು ಸುತ್ತಿದ ಸಿಪಾಯಿಗಳು, ಹೀಗೆ ಫೋಟೋ ತೆಗೆಸಿ ಕಾರ್ಡು ಮಾಡಿ ಹಂಚಿದರು. ಇಂಗ್ಲಿಷ್, ಉರ್ದು, ಗುರುಮುಖಿಯಲ್ಲಿ ಪುಸ್ತಿಕೆ ಅಚ್ಚಾಗಿ ಭಾರತಕ್ಕೂ ಬಂತು.

ಆರೈಕೆ ಸುಳ್ಳಲ್ಲ. ಜಾತಿ ಧರ್ಮ ನೋಡಿ ಒಂಬತ್ತು ಅಡುಗೆಮನೆ ಮಾಡಿದ್ದರು, ಹಿಂದೂಗಳಿಗೆ ಮುಸ್ಲಿಮರಿಗೆ ಬೇರೆ ಬೇರೆ ನಲ್ಲಿ ಇಟ್ಟಿದ್ದರು. ಆದರೆ ಅದೇ ಊರಿನ ಕಿಚನರ್ ಆಸ್ಪತ್ರೆಯ ಸುತ್ತ ಮುಳ್ಳುತಂತಿ, ಕಾವಲು. ಊರಿಗೆ ಹೋಗಲು ಬಿಡುತ್ತಿರಲಿಲ್ಲ, ಬಿಳಿ ಹೆಂಗಸರ ಜೊತೆ ಬೆರೆತಾರು ಅನ್ನುವ ಹೆದರಿಕೆ. ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಗೆದ್ದ ಖುದಾದಾದ್ ಖಾನ್ ಮಂಚದ ಪಕ್ಕ ಇಂಗ್ಲಿಷ್ ನರ್ಸ್ ನಿಂತ ಫೋಟೋ 1915ರಲ್ಲಿ ಪತ್ರಿಕೆಯಲ್ಲಿ ಬಂದಿದ್ದಕ್ಕೇ ದೊಡ್ಡ ಗಲಾಟೆ ಆಯ್ತು. ನರ್ಸುಗಳನ್ನೇ ಹಿಂದಕ್ಕೆ ಕರೆಸಲು ಹೊರಟರು. ಭಾರತೀಯ ಸಿಪಾಯಿಗಳಲ್ಲಿ ಮೊದಲ ವಿಕ್ಟೋರಿಯಾ ಕ್ರಾಸ್ ಅವರದು, ನೆನಪಿರಲಿ.

ಲಂಡನ್ ಚಳಿ

ನಾಚಿಕೆ ಆಯ್ತು ಮೇಷ್ಟ್ರೇ. ಅಲ್ಲಿ ಹೋಗಿ ಬಂದವನು ನಾನು, ನೂರು ವರ್ಷದ ಹಿಂದಿನ ಸುಳ್ಳನ್ನು ಫಾರ್ವರ್ಡ್ ಮಾಡಿಬಿಟ್ಟೆ.

ರಾಗಿಮುದ್ದೆ

ವಾಟ್ಸಾಪ್ ಆಗಲೂ ಇತ್ತು ಅಂತಾಯ್ತು.

ಕಾಫಿ ತೋಟ

ಕೊಡಗಿನಿಂದ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಮೂರು ತಲೆಮಾರು ಸೈನ್ಯ. ಹಾಗಾಗಿ ಎರಡು ಮಾತು.

ಮೊದಲನೆಯದು ಪತ್ರಗಳ ಬಗ್ಗೆ. ಫ್ರಾನ್ಸಿನಿಂದ ಸಿಪಾಯಿಗಳು ಊರಿಗೆ ಬರೆದ ಕಾಗದವನ್ನು ಸೆನ್ಸಾರ್ ಓದುತ್ತಿದ್ದ. ಸಿಪಾಯಿಗಳಿಗೂ ಅದು ಗೊತ್ತಿತ್ತು. ಅದಕ್ಕೆ ಸಂಕೇತ ಮಾಡಿಕೊಂಡಿದ್ದರು. ಕರಿಮೆಣಸು ಅಂದರೆ ನಮ್ಮವರು, ಕೆಂಪು ಮೆಣಸು ಅಂದರೆ ಬಿಳಿಯರು. ಕರಿಮೆಣಸು ಮುಗಿಯಿತು, ಈಗ ಕೆಂಪನ್ನು ಬಳಸುತ್ತಿದ್ದಾರೆ ಅಂತ ಬರೆದರೆ ಊರಲ್ಲಿದ್ದವರಿಗೆ ಅರ್ಥ ಆಗಬೇಕು. ಕರಿಮೆಣಸು ಬೆಳೆಯುವ ನಮಗೆ ಇದು ಓದಿದಾಗ ಹೊಟ್ಟೆಯಲ್ಲಿ ಏನೋ ಆಗುತ್ತೆ. ಸೆನ್ಸಾರ್ ಆ ಸಂಕೇತ ಹಿಡಿದ, ಅದಕ್ಕೇ ಇವತ್ತು ನಮಗೆ ಗೊತ್ತು.

ಎರಡನೆಯದು. ಈ ಪೋಸ್ಟರುಗಳಲ್ಲಿ ಭಾರತೀಯ ಅಂದರೆ ಯಾವಾಗಲೂ ಗಡ್ಡ, ರುಮಾಲು. ಸಿಖ್, ಇಲ್ಲಾ ಗೂರ್ಖಾ. ದಕ್ಷಿಣದವನು ಎಲ್ಲಿ?

ಇತಿಹಾಸದ ಮೇಷ್ಟ್ರು

ಅದು ಸುಮ್ನೆ ಆಗಿದ್ದಲ್ಲ. 1885ರಿಂದ 1893ರವರೆಗೆ ಇಲ್ಲಿ ಸೇನಾ ಮುಖ್ಯಸ್ಥನಾಗಿದ್ದ ರಾಬರ್ಟ್ಸ್‌ಗೆ ದಕ್ಷಿಣದವರು ಯುದ್ಧಕ್ಕೆ ಲಾಯಕ್ಕಲ್ಲ ಅನ್ನುವ ಖಾತ್ರಿ. 'ಯೋಧ ಜನಾಂಗ' ಅಂತ ಪಟ್ಟಿ ಮಾಡಿ ಪಂಜಾಬು, ನೇಪಾಳದ ಕಡೆ ಭರ್ತಿ ತಿರುಗಿಸಿದರು. ಮದ್ರಾಸಿನ ಕಾಲಾಳು ಪಡೆಗಳು ಕರಗುತ್ತಾ ಹೋಗಿ 1920ರ ದಶಕದಲ್ಲಿ ಪೂರ್ತಿ ನಿಂತವು. ಎರಡನೇ ಮಹಾಯುದ್ಧಕ್ಕೆ ಆಳು ಸಾಲದಾದಾಗ ಮತ್ತೆ ಕಟ್ಟಿದರು! ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಮಾತ್ರ ಎಲ್ಲ ಕಾಲದಲ್ಲೂ ಇದ್ದರು. ಸೇತುವೆ ಕಟ್ಟುವವರು, ಕಂದಕ ತೋಡುವವರು. ಪೋಸ್ಟರಿಗೆ ಗುದ್ದಲಿ ಹಿಡಿದವನು ಬೇಡ.

ಗುದ್ದಲಿಯ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಬ್ರಿಟಿಷರು ಕಪ್ಪು ಆಫ್ರಿಕನ್ನರ ಕೈಗೆ ಬಂದೂಕು ಕೊಟ್ಟು ಯುರೋಪಿಗೆ ತರಲೇ ಇಲ್ಲ. ದಕ್ಷಿಣ ಆಫ್ರಿಕಾದ ಕಪ್ಪು ಜನರನ್ನು ಕೂಲಿ ಪಡೆಯಾಗಿ ತಂದರು. 1917ರ ಫೆಬ್ರವರಿ 21ರಂದು ಅವರನ್ನು ಹೊತ್ತ 'ಮೆಂಡಿ' ಹಡಗು ಮುಳುಗಿ 600ಕ್ಕೂ ಹೆಚ್ಚು ಜನ ಸತ್ತರು.

ನಮ್ಮ ಮೈಸೂರು ಲ್ಯಾನ್ಸರ್ಸ್ ಕಥೆ ನೋಡಿ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದವರ ಜೊತೆ ಕುದುರೆ ಏರಿ ಮೆಷಿನ್ ಗನ್ ಎದುರು ನುಗ್ಗಿದವರು. ನಾಲ್ವಡಿಯವರು ಯುದ್ಧದ ಶುರುವಿನಲ್ಲೇ 50 ಲಕ್ಷ ರೂಪಾಯಿ ಕೊಟ್ಟಿದ್ದರು. ದುಡ್ಡೂ ಹೋಯ್ತು, ಆಳೂ ಹೋದರು. ಆದರೆ ಲಂಡನ್ನಿನ ಗೋಡೆಗೆ ಅಂಟಿಸಿದ 'ಭಾರತೀಯ' ನಮ್ಮವನ ಹಾಗೆ ಕಾಣಲಿಲ್ಲ.

ಬಿಸಿಲೂರು

ದೆಹಲಿಯಲ್ಲಿ ಈ ಕುದುರೆ ಪಡೆಗಳ ಸ್ಮಾರಕ ತೀನ್ ಮೂರ್ತಿಯ ಮೂರು ಪ್ರತಿಮೆಯಲ್ಲಿ ಒಂದು ಮೈಸೂರಿನದು, ಒಂದು ಹೈದರಾಬಾದಿನದು ಅಲ್ವಾ? ನಮ್ಮ ಕಲಬುರಗಿ ಆಗ ನಿಜಾಮರ ಕೈಯಲ್ಲಿತ್ತು. ಅಂದರೆ ಮೂರರಲ್ಲಿ ಎರಡರ ಮೇಲೆ ಕರ್ನಾಟಕದವರು ಹಕ್ಕು ಹೇಳಬಹುದು, ನೋಡಿ.

ಕಾಫಿ ತೋಟ

ಹೇಳಿ ಹೇಳಿ, ಯಾರೂ ಜಗಳಕ್ಕೆ ಬರಲ್ಲ.

ಲಂಡನ್ ಚಳಿ

ಎರಡನೇ ಯುದ್ಧದ ಹೊತ್ತಿಗೆ ಧಾಟಿ ಬದಲಾಯ್ತು. 1941ರ 'ಟುಗೆದರ್' ಪೋಸ್ಟರಿನಲ್ಲಿ ಭಾರತ, ಪೂರ್ವ ಆಫ್ರಿಕಾ, ದಕ್ಷಿಣ ಆಫ್ರಿಕಾ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಎಲ್ಲರೂ ಬ್ರಿಟಿಷ್ ಬಾವುಟದ ಕೆಳಗೆ ಒಟ್ಟಿಗೆ ಹೆಜ್ಜೆ ಹಾಕುತ್ತಿದ್ದಾರೆ. ಹಲ್ಲು ಕಿರಿಯುವ ಮುಖ ಇಲ್ಲ. 'ನಮ್ಮ ಮಿತ್ರರು ವಸಾಹತುಗಳು' ಅಂತ ಇನ್ನೊಂದು ಸರಣಿಯೂ ಬಂತು, ಆಫ್ರಿಕನ್ ಸೈನಿಕರ ಗಂಭೀರ ಮುಖಗಳು. ಜರ್ಮನಿಯ ಜನಾಂಗ ದ್ವೇಷದ ವಿರುದ್ಧ ಹೋರಾಡ್ತಿದ್ದೇವೆ ಅಂದ ಮೇಲೆ ಹಳೇ ನಗು ತೋರಿಸೋದು ಹೇಗೆ? ಮಿತ್ರರು ಅಂತ ಕರೆದರು. ಆದರೆ ಮಿತ್ರನನ್ನು ಕೇಳದೆ ಯುದ್ಧಕ್ಕೆ ಸೇರಿಸಿದ್ದರು. 1939ರಲ್ಲಿ ವೈಸ್‌ರಾಯ್ ಲಿನ್‌ಲಿತ್‌ಗೋ ಭಾರತ ಯುದ್ಧದಲ್ಲಿದೆ ಅಂತ ಘೋಷಿಸಿದಾಗ ನಮ್ಮ ನಾಯಕರನ್ನು ಒಂದು ಮಾತೂ ಕೇಳಲಿಲ್ಲ.

ಫ್ರಾನ್ಸಿನಲ್ಲೂ 1941ರಲ್ಲಿ ಅಂಥದ್ದೇ ಪೋಸ್ಟರ್. ಅರಬ್, ಆಫ್ರಿಕನ್, ಏಷ್ಯನ್ ಮೂರು ಮುಖ, ಹಿಂದೆ ಫ್ರೆಂಚ್ ಬಾವುಟ. ಮೂರು ಬಣ್ಣ, ಒಂದು ಬಾವುಟ, ಒಂದು ಸಾಮ್ರಾಜ್ಯ. ಹೊರಡಿಸಿದ್ದು ಜರ್ಮನಿಗೆ ಶರಣಾದ ವಿಶಿ ಸರ್ಕಾರ!

ಇತಿಹಾಸದ ಮೇಷ್ಟ್ರು

ಅದಕ್ಕೆ ಒಂದೇ ವರ್ಷ ಮೊದಲು, 1940ರ ಜೂನ್‌ನಲ್ಲಿ, ಫ್ರಾನ್ಸಿನ ಲಿಯಾಂ ಹತ್ತಿರದ ಶಾಸೆಲೇಯಲ್ಲಿ ಸೆರೆ ಸಿಕ್ಕ ಆಫ್ರಿಕನ್ ಸಿಪಾಯಿಗಳನ್ನು ಬೇರೆ ಮಾಡಿ ಜರ್ಮನ್ನರು ಗುಂಡಿಟ್ಟು ಕೊಂದರು. ಇದಕ್ಕೂ ಪೋಸ್ಟರಿಗೂ ಸಂಬಂಧ ಇದೆ. 1920ರ ಹೊತ್ತಿಗೆ ಫ್ರಾನ್ಸ್ ತನ್ನ ಆಫ್ರಿಕನ್ ಪಡೆಗಳನ್ನು ಜರ್ಮನಿಯ ರೈನ್ ಕಡೆ ಕಾವಲಿಗೆ ಇಟ್ಟಿತ್ತು. ಆಗ ಜರ್ಮನಿಯಲ್ಲಿ 'ಕಪ್ಪು ಕಳಂಕ' ಅಂತ ದೊಡ್ಡ ಪ್ರಚಾರ ಎದ್ದಿತು. ಪೋಸ್ಟರು, ಕಾರ್ಟೂನು, ಪದಕ ಕೂಡ. ಎಲ್ಲದರಲ್ಲೂ ಸಿಪಾಯಿ ಅಂದರೆ ಹೆಂಗಸರ ಮೇಲೆ ಬೀಳುವ ರಾಕ್ಷಸ. ಇಪ್ಪತ್ತು ವರ್ಷ ಅದನ್ನು ನೋಡಿ ಬೆಳೆದವರು 1940ರಲ್ಲಿ ಬಂದೂಕು ಹಿಡಿದು ಬಂದರು.

ಫ್ರಾನ್ಸಿನ ನಡತೆ? 1944ರ ಡಿಸೆಂಬರ್ 1ರಂದು ಸೆನೆಗಲ್‌ನ ಡಾಕಾರ್ ಹತ್ತಿರದ ಥಿಯಾರೋಯೆಯಲ್ಲಿ, ಜರ್ಮನರ ಸೆರೆಯಿಂದ ಬಿಡುಗಡೆಯಾಗಿ ಬಂದ ತಿರಾಯರ್‌ಗಳು ಬಾಕಿ ಸಂಬಳ ಕೇಳಿದರು. ಫ್ರೆಂಚ್ ಸೈನ್ಯವೇ ಅವರ ಮೇಲೆ ಗುಂಡು ಹಾರಿಸಿತು. ಬಿಸಿಲೂರು ಅವರೇ, ಸಂಬಳದ ಮಾತು ಎತ್ತಿದ್ದು ನೀವು.

ಬಿಸಿಲೂರು

ಎತ್ತಿದ್ದು ನಾನೇ. ವಾಪಸ್ ತಗೊಳ್ಳಲ್ಲ. ಸಂಬಳಕ್ಕೇ ಹೋದರು, ಅದಕ್ಕೇ ಅದು ಕೊಡಬೇಕಿತ್ತು.

ತುಂಗಾತೀರ

ಸಹೋದ್ಯೋಗಿಯ ಜೊತೆ ಕೊನೆಗೂ ಮಾತಾಡಿದೆ. ಅವರೇ ಸೆಂಗೋರ್ ಬಗ್ಗೆ ಹೇಳಿದರು. ಸೆನೆಗಲ್‌ನ ಮೊದಲ ಅಧ್ಯಕ್ಷ, ದೊಡ್ಡ ಕವಿ. 1940ರಲ್ಲಿ ಸ್ವತಃ ಜರ್ಮನರ ಸೆರೆಯಲ್ಲಿದ್ದವರು. ಫ್ರಾನ್ಸಿನ ಎಲ್ಲ ಗೋಡೆಗಳಿಂದ ಬನಾನಿಯಾ ನಗುವನ್ನು ಹರಿದುಹಾಕುತ್ತೇನೆ ಅಂತ ಬರೆದಿದ್ದಾರಂತೆ. ಶಾಲೆಯಲ್ಲಿ ಅವರಿಗೆ ಇದು ಪಾಠ. ಅಜ್ಜನ ಅಣ್ಣ ತಿರಾಯರ್ ಆಗಿದ್ದರಂತೆ. ಮನೆಯಲ್ಲಿ ಅವರ ಫೋಟೋ ಒಂದಿದೆ, ಅದರಲ್ಲಿ ನಗುತ್ತಿಲ್ಲ ಅಂದರು. ಇಷ್ಟು ಹೇಳಿ ಅವರೇ ನಕ್ಕರು. ನನಗೆ ನಗು ಬರಲಿಲ್ಲ.

ಡಬ್ಬಿ ಬಿಸಾಕಬೇಕಾ ಅಂತ ಕೇಳಿದೆ. ನಿನ್ನ ಡಬ್ಬಿ, ನಿನ್ನಿಷ್ಟ ಅಂದರು.

ಹಳೇ ಅಚ್ಚುಕೂಟ

ಬಿಸಾಕಬೇಡಿ ತಾಯಿ. ಒಳ್ಳೇ ಅಚ್ಚು. ಶೋಕೇಸಿನಲ್ಲಿ ಮಾತ್ರ ಇಡಬೇಡಿ.

ತುಂಗಾತೀರ

ಎರಡು ತಿಂಗಳ ಮೇಲೆ ಬರೆಯುತ್ತಿದ್ದೇನೆ. ರಜೆಗೆ ಊರಿಗೆ ಬಂದಿದ್ದೇನೆ, ಡಬ್ಬಿಯೂ ಬಂತು. ಅಮ್ಮ 'ಯಾರಿದು?' ಅಂದರು. ನೀವೆಲ್ಲ ಹೇಳಿದ್ದನ್ನು ಅರ್ಧ ಗಂಟೆ ಹೇಳಿದೆ. ವೋಲ್ಟಾ, ಹೈಫಾ, ಕರಿಮೆಣಸು ಎಲ್ಲ. ಪೂರ್ತಿ ಕೇಳಿದರು. 'ಪಾಪ, ಅವನ ಹೆಸರೇನು?' ಅಂದರು. ಗೊತ್ತಿಲ್ಲ ಅಂದೆ.

ರಾಗಿಮುದ್ದೆ ಅವರೇ, ಮುಕ್ಕಾಲು ಕೆಜಿ ಹಿಡಿಯುತ್ತೆ. ಅಮ್ಮ ಈಗ ಹುಣಸೆಹಣ್ಣು ತುಂಬಿಟ್ಟಿದ್ದಾರೆ. ಮುಚ್ಚಳ ಚೆನ್ನಾಗಿ ಬಿಗಿ ಇದೆಯಂತೆ.